ರಿಪೇರಿ ಅಂಗಡಿಯ ಬಟ್ಟಲು

ಶುಕ್ರವಾರ ಸಂಜೆ ಎಲ್ಲರೂ ಊಟಕ್ಕೆ ಕೂತರೆಂದರೆ ಆ ಮನೆಯಲ್ಲಿ ಜಗಳವೂ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಿತ್ತು.

"ನಾಳೆ ಎಷ್ಟೊತ್ತಿಗೆ ಹೊರಡೋಣ?" ಎಂದು ತುಂಜಾಯ್ ಸೂಪಿನ ಬಟ್ಟಲಿನಿಂದ ತಲೆ ಎತ್ತದೆಯೇ ಕೇಳಿದ.

ಅವನ ಹೆಂಡತಿ ಸೆವ್ಗುಲ್ ಸೌಟನ್ನು ಪಾತ್ರೆಗೆ ಬಡಿದಳು. "ಒಂದು ಡಬ್ಬ ಆಲಿವ್‌ಗೋಸ್ಕರ ಕ್ಲೀವ್‌ಲ್ಯಾಂಡ್‌ವರೆಗೆ ಹೋಗಿಬರೋ ಮನೆ ಇಡೀ ಓಹಾಯೊದಲ್ಲಿ ನಮ್ಮದೊಂದೇ ಇರಬೇಕು. ಹೋಗ್ತಾ ಎರಡು ಗಂಟೆ, ಬರ್ತಾ ಎರಡು ಗಂಟೆ. ವಾರವೆಲ್ಲ ಲಾರಿ ಓಡಿಸ್ತೀಯ, ಸಿಗೋ ಶನಿವಾರಾನೂ ಸ್ಟಿಯರಿಂಗ್ ಹಿಡ್ಕೊಂಡೇ ಕಳೀತೀಯ. ನಿನ್ನ ಬೆನ್ನು ಏನು ಕಬ್ಬಿಣದ್ದಾ?"

"ಅಮ್ಮನಿಗೆ ಇಲ್ಲಿಯ ಚೀಸ್ ಸೇರಲ್ಲ."

"ನನ್ನ ಹೆಸರು ಯಾಕೆ ಎತ್ತುತ್ತೀಯ?" ಎಂದು ನೆಜಾಹತ್ ಮಗನ ಮೇಲೆ ಹರಿಹಾಯ್ದಳು. "ನಾನೇನಾದ್ರೂ ಬಾಯಿಬಿಟ್ಟು ಕೇಳಿದ್ನಾ? ನನಗೆ ಈ ಊರಿನ ಹತ್ತಿ ಬ್ರೆಡ್ಡೂ ಆಗುತ್ತೆ. ನಾವು ಚಿಕ್ಕವರಿದ್ದಾಗ ಹಾಸಿಗೆ ಹರಿದ್ರೆ ಇಂಥದ್ದೇ ಒಳಗಿಂದ ಬರ್ತಿತ್ತು. ಆಗ ತಿನ್ನಬಹುದು ಅಂತ ಗೊತ್ತಿರಲಿಲ್ಲ, ಅಷ್ಟೇ."

ಮೊಮ್ಮಗಳು ಪೆಲಿನ್ ಕುಡಿಯುತ್ತಿದ್ದ ನೀರನ್ನು ಮೂಗಿನಿಂದ ಬಿಟ್ಟಳು. ಸೆವ್ಗುಲ್‌ಗೂ ನಗು ಬಂತು. ಆದರೆ ಅತ್ತೆಯ ಮಾತಿಗೆ ನಕ್ಕರೆ ಸೋತಂತಾಗುತ್ತದೆ ಎಂದು ಎದ್ದು ಉಪ್ಪು ಹುಡುಕಿದಳು. ಉಪ್ಪು ಮೇಜಿನ ಮೇಲೆಯೇ ಇತ್ತು.

ಟೊಲೀಡೊ ನಗರದ ಅಂಚಿನ ಆ ಬಡಾವಣೆಗೆ ನೆಜಾಹತ್ ಬಂದು ಮೂರು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗ ಟರ್ಕಿಯ ಬಂದಿರ್ಮಾಕ್ಕೆ ಬಂದು, ಸಮುದ್ರದ ಕಡೆ ಕಿಟಕಿಯಿದ್ದ ಬಾಡಿಗೆ ಮನೆಗೆ ಬೀಗ ಹಾಕಿಸಿ ಕರೆತಂದಿದ್ದ. ಅಲ್ಲಿ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ಕೂಗಿದರೆ ಕೆಳಗಿನ ಅಂಗಡಿಯವನು ಬ್ರೆಡ್ಡು, ಮೊಟ್ಟೆ, ಬೀದಿಯ ಸುದ್ದಿ ಎಲ್ಲ ತುಂಬಿ ಕಳಿಸುತ್ತಿದ್ದ. ಇಲ್ಲಿ ಬುಟ್ಟಿ ಇಳಿಬಿಟ್ಟರೆ ಹುಲ್ಲು ಕತ್ತರಿಸುವವನು ಕಸವೆಂದು ಎತ್ತಿಕೊಂಡು ಹೋಗುತ್ತಿದ್ದನೋ ಏನೋ. ಎಲ್ಲಕ್ಕೂ ಕಾರು ಬೇಕು, ಕಾರಿಗೆ ಯಾರಾದರೂ ಬೇಕು. ಸೆವ್ಗುಲ್ ಔಷಧಿ ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ಸಂಜೆ. ತುಂಜಾಯ್ ಸೋಮವಾರ ಲಾರಿ ಹತ್ತಿದರೆ ಮುಖ ಕಾಣುವುದು ಶುಕ್ರವಾರ, ಅದೂ ಊಟ ಮುಗಿಯುತ್ತಲೇ ಬೂಟು ಬಿಚ್ಚದೆ ಸೋಫಾದ ಮೇಲೆ ಗೊರಕೆ.

ಆದರೆ ಶನಿವಾರ ಬೇರೆ. ಶನಿವಾರ ನಾಲ್ಕೂ ಜನ ಒಂದು ಕಾರಿನೊಳಗೆ. ಯಾರೂ ಎದ್ದು ಹೋಗುವಂತಿಲ್ಲ, ಯಾರೂ ಮಲಗುವಂತಿಲ್ಲ. ತುಂಜಾಯ್ ವಾರದ ಮಾತನ್ನೆಲ್ಲ ಅಂದೇ ಆಡುತ್ತಿದ್ದ: ಇಂಡಿಯಾನಾದಲ್ಲಿ ರಸ್ತೆಗೆ ಬಂದ ಟರ್ಕಿಕೋಳಿ, ಸಾಮಾನು ಇಳಿಸುವಲ್ಲಿ ಜಗಳಾಡಿದ ಪೋಲಿಷ್ ಮುದುಕ. ನೆಜಾಹತ್ ಮಗನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಅಲ್ಲಿಂದ ಅವನ ಕಿವಿಯ ಹಿಂದಿನ ಗಾಯದ ಗುರುತು ಕಾಣುತ್ತಿತ್ತು, ಏಳು ವರ್ಷದವನಿದ್ದಾಗ ಅಂಜೂರದ ಮರದಿಂದ ಬಿದ್ದದ್ದು. ಬರುವಾಗ ಈರೀ ಸರೋವರದ ದಂಡೆಯಲ್ಲಿ ಬಟ್ಟೆ ಹಾಸಿ, ಫ್ಲಾಸ್ಕಿನ ಟೀ ಸುರಿದು, ಹೊಸ ಚೀಸಿನ ಪೊಟ್ಟಣ ಬಿಚ್ಚುತ್ತಿದ್ದರು. ಆಚೆ ದಂಡೆ ಕಾಣದ ಆ ನೀರನ್ನು ನೋಡುತ್ತಾ ಕೂತರೆ ಬಂದಿರ್ಮಾದ ಸಮುದ್ರವೇ ಬಂದು ಕಾಲ ಬಳಿ ಕೂತಂತೆ ಅವಳಿಗೆ ಅನಿಸುತ್ತಿತ್ತು. ಚೀಸು ಆಲಿವ್ ಎಲ್ಲ ನೆಪ. ಅವಳು ವಾರವಿಡೀ ಕಾಯುತ್ತಿದ್ದದ್ದು ಆ ನಾಲ್ಕು ಗಂಟೆಗಳಿಗೆ. ಇದನ್ನು ಬಾಯಿಬಿಟ್ಟು ಹೇಳುವುದೆಂದರೆ ಸೊಸೆಯ ಮುಂದೆ ತಲೆ ಬಾಗಿಸಿದಂತೆ. ಅದು ಅವಳ ಜಾಯಮಾನದಲ್ಲಿರಲಿಲ್ಲ.

ಜೂನ್ ತಿಂಗಳ ಮೊದಲ ಮಂಗಳವಾರ ಒಂದು ಅಂಗಡಿ ಅವಳ ಕಣ್ಣಿಗೆ ಬಿತ್ತು.

ದಿನವೂ ಅವಳು ಮುಖ್ಯರಸ್ತೆಯ ತನಕ ನಡೆದು ತಿರುಗುತ್ತಿದ್ದಳು. ಅಂದು ಗಾಳಿ ಚೆನ್ನಾಗಿತ್ತೆಂದು ಕಾರು ತೊಳೆಯುವ ಜಾಗ ದಾಟಿ ಇನ್ನೊಂದಿಷ್ಟು ದೂರ ಹೋದಳು. ಅಲ್ಲೊಂದು ಮಾಸಿದ ಕಟ್ಟಡ, ಮೇಲೆ 'ವ್ಯಾಕ್ಯೂಮ್ ಕ್ಲೀನರ್ ರಿಪೇರಿ' ಎಂಬ ಹಳೆಯ ಹಲಗೆ. ಅದರ ಮುಂದೆ ಒಬ್ಬ ಹೆಂಗಸು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಕೆಟ್ಟಿನ ಸೋಪಿನ ನೀರನ್ನು ರಪ್ಪನೆ ಚೆಲ್ಲಿ, ಉದ್ದನೆಯ ಪೊರಕೆಯಿಂದ ಕಾಲುದಾರಿ ತಿಕ್ಕುತ್ತಿದ್ದಳು.

ನೆಜಾಹತ್ ನಿಂತಳು. ಈ ದೇಶದಲ್ಲಿ ಯಂತ್ರ ಹಿಡಿದು ಎಲೆ ಊದುವವರನ್ನು ನೋಡಿದ್ದಳು, ಉಪ್ಪು ಎರಚುವವರನ್ನು ನೋಡಿದ್ದಳು. ಬಾಗಿಲ ಮುಂದೆ ನೀರು ಚೆಲ್ಲಿ ತಿಕ್ಕುವವರನ್ನು ಮೂರು ವರ್ಷದಲ್ಲಿ ಒಬ್ಬರನ್ನೂ ನೋಡಿರಲಿಲ್ಲ. ಊರಿನ ಬೀದಿಯಲ್ಲಿ ಹೇಳುವಂತೆಯೇ, ತನ್ನ ಭಾಷೆಯಲ್ಲೇ, ಹೇಳಿಬಿಟ್ಟಳು: "ಕೆಲಸ ಹಗುರಾಗಲಿ, ಮಗಳೇ."

"ನಿಮ್ಮದೂ ಆಗಲಿ, ದೊಡ್ಡಮ್ಮ," ಎಂದಳು ಆ ಹೆಂಗಸು, ತಲೆ ಎತ್ತದೆ. ಇನ್ನೆರಡು ಸಲ ಪೊರಕೆ ಆಡಿಸಿದಳು. ಆಮೇಲೆ ಪೊರಕೆ ಕೈಜಾರಿ ಬಿತ್ತು. "ಅಯ್ಯೋ! ನೀವು ಎಲ್ಲಿಂದ ಉದುರಿದ್ರಿ?"

"ನಾನು ಉದುರೋದಿರಲಿ, ನೀನು ಎಲ್ಲಿಂದ ಮೊಳೆತೆ?"

ಅವಳ ಹೆಸರು ಮುರುವ್ವೆತ್. ಗಂಡನ ಜೊತೆ ನ್ಯೂಜೆರ್ಸಿಯಿಂದ ಬಂದು ಇಲ್ಲಿ ದಿನಸಿ ಅಂಗಡಿ ತೆರೆದು ಮೂರು ವಾರವಾಗಿತ್ತು. ಹೊಸ ಹಲಗೆಗೆ ಊರಿನ ಕಚೇರಿಯ ಒಪ್ಪಿಗೆ ಇನ್ನೂ ಬಂದಿಲ್ಲವಂತೆ. "ದಿನಾ ಇಬ್ಬರಾದ್ರೂ ವ್ಯಾಕ್ಯೂಮ್ ಹೊತ್ಕೊಂಡು ಬರ್ತಾರೆ ದೊಡ್ಡಮ್ಮ. ನಮ್ಮೋರು ಪಾಪ ಒಂದನ್ನ ರಿಪೇರಿ ಮಾಡಿ ಕೊಟ್ಟೂ ಬಿಟ್ರು."

ಒಳಗೆ ಕಾಲಿಟ್ಟರೆ ನೆಜಾಹತ್‌ಗೆ ಕಣ್ಣು ತುಂಬಿತು. ಕಪ್ಪು ಆಲಿವ್, ಹಸಿರು ಆಲಿವ್, ಒಡೆದ ಆಲಿವ್. ಉಪ್ಪುನೀರಿನಲ್ಲಿ ತೇಲುವ ಬಿಳಿ ಚೀಸು. ಕೆಂಪು ಮೆಣಸಿನ ಗೊಜ್ಜಿನ ಡಬ್ಬಗಳು, ಒಣ ಏಪ್ರಿಕಾಟ್, ಟೀ ಕಾಸುವ ಜೋಡಿ ಪಾತ್ರೆ. ಗಾಜಿನ ಪೆಟ್ಟಿಗೆಯಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಬಿಸಿ ಬ್ರೆಡ್ಡು, ಸಿಮಿತ್. ಒಂದನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿದಳು. ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ! ಈಗಲೇ ಓಡಿಹೋಗಿ ಹೇಳಬೇಕು, ಸೆವ್ಗುಲ್‌ಗೆ ಫೋನ್ ಮಾಡಬೇಕು, "ನೋಡು, ನಿನ್ನ ಕ್ಲೀವ್‌ಲ್ಯಾಂಡ್ ಗೋಳು ಮುಗೀತು" ಅನ್ನಬೇಕು.

ಬಾಗಿಲ ತನಕ ಬಂದವಳು ಅಲ್ಲೇ ನಿಂತಳು. ಗೋಳು ಮುಗಿದರೆ ಶನಿವಾರವೂ ಮುಗಿಯಿತು.

ಆ ಸಿಮಿತ್ ಅನ್ನು ಅಂಗಡಿಯ ಬೆಂಚಿನ ಮೇಲೆ ಕೂತು ತಿಂದಳು. ಬಟ್ಟೆಗೆ ಅಂಟಿದ ಎಳ್ಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಮನೆಗೆ ಬಂದು ಕಳ್ಳಬೆಕ್ಕಿನಂತೆ ಬಾಯಿ ತೊಳೆದಳು.

ಅಂದಿನಿಂದ ನೆಜಾಹತ್‌ಳ ಬದುಕು ಸೊಗಸಾಯಿತು, ಮನಸ್ಸು ಮಾತ್ರ ಕೆಟ್ಟಿತು. ದಿನವೂ ಬೆಳಗ್ಗೆ "ಕಾಲು ಹಿಡ್ಕೊಂಡಿದೆ, ಸ್ವಲ್ಪ ನಡೆದು ಬರ್ತೀನಿ" ಎಂದು ಹೊರಡುವಳು. ಮುರುವ್ವೆತ್ ಸಣ್ಣ ಸೊಂಟದ ಗ್ಲಾಸಿನಲ್ಲಿ ಟೀ ಕೊಡುವಳು. ಇಬ್ಬರೂ ಕೂತು ಬೀನ್ಸ್ ಬಿಡಿಸುತ್ತಾ ಲೋಕವನ್ನೆಲ್ಲ ಜಾಲಿಸುವರು.

"ಗಿರಾಕಿಗಳು ಹೇಗಿದಾರೆ?"

"ಬರ್ತಾರೆ ದೊಡ್ಡಮ್ಮ, ಒಬ್ಬೊಬ್ಬರಾಗಿ. ಒಬ್ಬ ಲಾರಿಯವನಿದಾನೆ. ಶುಕ್ರವಾರ ಸಂಜೆ ಬಂದು ನಿಂತ್ಕೊಂಡೇ ಎರಡು ಟೀ ಕುಡಿದು ಹೋಗ್ತಾನೆ. ಮಾತೇ ಇಲ್ಲ. ಮುಖ ನೋಡಿದ್ರೆ ಅಯ್ಯೋ ಅನ್ಸುತ್ತೆ."

"ಪಾಪ," ಎಂದಳು ನೆಜಾಹತ್ ಬೀನ್ಸಿನ ನಾರು ಎಳೆಯುತ್ತಾ. "ಯಾವ ತಾಯಿ ಹೆತ್ತ ಮಗನೋ. ಮನೇಲಿ ಟೀ ಮಾಡಿಕೊಡೋರು ಇಲ್ಲವೋ ಏನೋ."

ಮನೆಗೆ ಅವಳು ಏನನ್ನೂ ತರುತ್ತಿರಲಿಲ್ಲ. ತಂದರೆ ಡಬ್ಬ ತುಂಬುತ್ತದೆ, ಡಬ್ಬ ತುಂಬಿದರೆ ಕಾರು ಹೊರಡುವುದಿಲ್ಲ. ಬದಲಿಗೆ ಇದ್ದದ್ದನ್ನು ಖಾಲಿ ಮಾಡುವ ಕೆಲಸ ಹಿಡಿದಳು. ಅಚ್ಚರಿಯೆಂದರೆ ಆ ಬೇಸಿಗೆಯಲ್ಲಿ ಮನೆಮಂದಿಗೆಲ್ಲ ಆಲಿವ್ ಹುಚ್ಚು ಹಿಡಿದಂತಿತ್ತು. ಸೋಮವಾರ ತುಂಬಿದ್ದ ಡಬ್ಬ ಗುರುವಾರಕ್ಕೆ ತಳ ಕಾಣುತ್ತಿತ್ತು. ಪೆಲಿನ್ ಟೀವಿ ಮುಂದೆ ಕೂತು ಬೀಜ ಗುಡ್ಡೆ ಹಾಕುತ್ತಿದ್ದಳು. ಉಪ್ಪು ಕಮ್ಮಿ ಮಾಡು ಎಂದು ಗಂಡನಿಗೆ ಬುದ್ಧಿ ಹೇಳುತ್ತಿದ್ದ ಸೆವ್ಗುಲ್ ತಾನೇ ಮೂರು ಹೊತ್ತೂ ಬಿಳಿ ಚೀಸು ಹೆಚ್ಚುತ್ತಿದ್ದಳು.

"ಚೀಸ್ ಮುಗೀತಾ ಬಂತು," ಎನ್ನುವಳು ಶುಕ್ರವಾರ, ಏನೋ ದೊಡ್ಡ ಅನ್ಯಾಯವಾದವಳಂತೆ. "ಇನ್ನೇನು, ನಾಳೆ ಮತ್ತೆ ಆ ಹಾಳು ದಾರಿ."

"ಹಾಳು ದಾರಿ ಅಂದ್ರೆ ಬರಬೇಡ."

"ನಾನು ಬರದೆ ಇದ್ರೆ ನಿಮಗೆ ಒಳ್ಳೆ ಚೀಸ್ ಯಾವುದು ಅಂತ ಗೊತ್ತಾಗುತ್ತಾ?" ಮರುದಿನ ಎಲ್ಲರಿಗಿಂತ ಮೊದಲು ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂತಿರುತ್ತಿದ್ದವಳೂ ಅವಳೇ.

ಜುಲೈನಲ್ಲಿ ಆಶುರೆಯ ದಿನ ಬಂತು. ಗೋಧಿ, ಕಡಲೆ, ಬೀನ್ಸ್, ಅಂಜೂರ, ಏಪ್ರಿಕಾಟ್ ಎಲ್ಲ ಒಟ್ಟಿಗೆ ಬೇಯಿಸಿ, ಮೇಲೆ ದಾಳಿಂಬೆ ಉದುರಿಸಿ, ನೆರೆಹೊರೆಗೆಲ್ಲ ಹಂಚುವ ಸಿಹಿ. ಮುರುವ್ವೆತ್ ದೊಡ್ಡ ಹಂಡೆಯಲ್ಲಿ ಮಾಡಿ ಬಂದವರಿಗೆಲ್ಲ ಕೊಟ್ಟಳು, ಅದೂ ನೀಲಿ ಹೂವಿನ ಪಿಂಗಾಣಿ ಬಟ್ಟಲಿನಲ್ಲಿ.

"ಪ್ಲಾಸ್ಟಿಕ್ ಡಬ್ಬೀಲಿ ಕೊಡಬಾರದಾ? ಇಷ್ಟು ಒಳ್ಳೆ ಬಟ್ಟಲು!" ಎಂದಳು ನೆಜಾಹತ್.

"ಪ್ಲಾಸ್ಟಿಕ್ ಕಸಕ್ಕೆ ಹೋಗುತ್ತೆ ದೊಡ್ಡಮ್ಮ. ಬಟ್ಟಲು ತಿರುಗಿ ನನ್ನ ಹತ್ರಾನೇ ಬರುತ್ತೆ," ಎಂದು ಮುರುವ್ವೆತ್ ಕಣ್ಣು ಮಿಟುಕಿಸಿದಳು. "ಅದೂ ತುಂಬಿಕೊಂಡು ಬರುತ್ತೆ."

ಅದು ನಿಜ. ತುಂಬಿ ಬಂದ ಬಟ್ಟಲನ್ನು ಬರಿದಾಗಿ ಕಳಿಸುವ ಹೆಂಗಸು ಬಂದಿರ್ಮಾದಲ್ಲಿ ಹುಟ್ಟಿಲ್ಲ. ಏನಾದರೂ ಮಾಡಿ ತುಂಬಲೇಬೇಕು. ಆದರೆ ಯಾರಿಗೂ ತಿಳಿಯದಂತೆ ಏನು ಮಾಡುವುದು, ಯಾವಾಗ ಮಾಡುವುದು? ಆಶುರೆಯನ್ನು ದಾರಿಯಲ್ಲೇ ತಿಂದು ಮುಗಿಸಿ, ಬಟ್ಟಲನ್ನು ತೊಳೆದು, ತನ್ನ ಬೀರುವಿನ ತಲೆವಸ್ತ್ರಗಳ ನಡುವೆ ಬಚ್ಚಿಟ್ಟಳು. ರಾತ್ರಿ ಮಲಗಿದರೆ ಅದು ಬೀರುವಿನೊಳಗಿಂದ "ಏನಮ್ಮ, ನನ್ನನ್ನು ಮರೆತೆಯಾ" ಎಂದು ಕೇಳಿದಂತಾಗುತ್ತಿತ್ತು.

ಆ ಶನಿವಾರ ಕ್ಲೀವ್‌ಲ್ಯಾಂಡಿನಿಂದ ಬಂದು ಕಾರಿನಿಂದ ಇಳಿಯುವಾಗ ತುಂಜಾಯ್ "ಹಾ" ಎಂದು ಬಾಗಿಲು ಹಿಡಿದು ನಿಂತುಬಿಟ್ಟ. ಸೊಂಟ ನೆಟ್ಟಗಾಗಲಿಲ್ಲ. ಸೆವ್ಗುಲ್ ಅವನನ್ನು ಬೋರಲು ಮಲಗಿಸಿ ಬೆನ್ನಿಗೆ ಔಷಧಿಯ ಪಟ್ಟಿ ಅಂಟಿಸಿದಳು. ಅಂಟಿಸುವಾಗ ಬೈಯಲಿಲ್ಲ. ನೆಜಾಹತ್‌ಗೆ ಅದು ಬೈದಿದ್ದಕ್ಕಿಂತ ಹೆಚ್ಚು ನಾಟಿತು.

"ನೋವಿದೆಯಾ ಮಗಾ?"

"ಇಲ್ಲಮ್ಮ. ಕೂತು ಕೂತು ಹಿಡ್ಕೊಂಡಿದೆ ಅಷ್ಟೇ."

ಅಗಲವಾದ ಆ ಬೆನ್ನನ್ನು ನೋಡುತ್ತಾ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ವಾರವಿಡೀ ದುಡಿಯುವ ಮಗನನ್ನು ನನ್ನ ಖುಷಿಗೋಸ್ಕರ ಎತ್ತಿನಂತೆ ಹೂಡುತ್ತಿದ್ದೇನಲ್ಲ, ನಾನೆಂಥ ತಾಯಿ? ಸಾಕು. ಶನಿವಾರ ಹೋದರೆ ಹೋಗಲಿ. ಬರುವ ಶುಕ್ರವಾರ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ಹಾಗೆ ಗಟ್ಟಿ ಮಾಡಿಕೊಂಡವಳು ಸ್ನಾನದ ಮನೆಯ ನಲ್ಲಿ ಜೋರಾಗಿ ಬಿಟ್ಟು ಒಂದಿಷ್ಟು ಅತ್ತಳು.

ಶುಕ್ರವಾರ ಮಧ್ಯಾಹ್ನದಿಂದಲೇ ಅಡುಗೆಮನೆ ಹಿಡಿದಳು. ದ್ರಾಕ್ಷಿ ಎಲೆಯೊಳಗೆ ಅಕ್ಕಿ, ಈರುಳ್ಳಿ, ಪುದೀನ ಇಟ್ಟು ಬೆರಳು ಗಾತ್ರಕ್ಕೆ ಸುತ್ತಿ, ನಿಂಬೆರಸದಲ್ಲಿ ಬೇಯಿಸಿದಳು. ಬಟ್ಟಲು ತುಂಬಿಸಿ ಮೇಜಿನ ನಡುವೆ ಇಡುವುದು, ಇದು ಎಲ್ಲಿಂದ ಬಂತು ಎಂದು ಅವರು ಕೇಳುವುದು, ಆಗ ಹೇಳುವುದು. ಹೀಗೆ ಲೆಕ್ಕ ಹಾಕಿ, ಬೀರುವಿನಿಂದ ಬಟ್ಟಲನ್ನು ತಂದು, ಕೆಳಗೆ ಹಾಸಲು ದೊಡ್ಡ ತಟ್ಟೆ ಬೇಕೆಂದು ಮೇಲಿನ ಕಪಾಟು ತೆಗೆದಳು.

ಹಿಟ್ಟಿನ ಜರಡಿಯ ಹಿಂದೆ ನೀಲಿ ಹೂವಿನ ಬಟ್ಟಲೊಂದು ಕೂತಿತ್ತು.

ನೆಜಾಹತ್ ಕೈಯಲ್ಲಿದ್ದದ್ದನ್ನು ನೋಡಿದಳು. ಕಪಾಟಿನಲ್ಲಿದ್ದದ್ದನ್ನು ಇಳಿಸಿ ನೋಡಿದಳು. ವಯಸ್ಸಾಯಿತು, ತಲೆ ಕೆಟ್ಟಿತು, ಇನ್ನು ನನ್ನ ಕತೆ ಮುಗಿಯಿತು ಎಂದುಕೊಳ್ಳುತ್ತಿರುವಾಗಲೇ ಸೆವ್ಗುಲ್ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಳು. ಅತ್ತೆಯ ಎರಡು ಕೈಯಲ್ಲಿ ಎರಡು ಬಟ್ಟಲು ಕಂಡು ಅವಳ ಮುಖ ಕೆಂಪಗಾಯಿತು.

"ಅಮ್ಮ, ಅದು... ನಾನೇ ಹೇಳಬೇಕು ಅಂತಿದ್ದೆ."

"ಏನು ಹೇಳಬೇಕು ಅಂತಿದ್ದೆ?"

"ಕಾರು ತೊಳೆಯೋ ಜಾಗದ ಆಚೆ ಒಂದು ಅಂಗಡಿ..."

"ರಿಪೇರಿ ಅಂಗಡಿ," ಎಂದಳು ನೆಜಾಹತ್.

"ಅಯ್ಯೋ ದೇವರೇ, ನಿಮಗೂ ಗೊತ್ತಾ?"

"ನಿನಗೆ ಯಾವಾಗಿಂದ ಗೊತ್ತು?"

"ಮೇ ತಿಂಗಳಿಂದ."

"ಮೇ!" ನೆಜಾಹತ್ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. "ಮೇ ತಿಂಗಳಿಂದ ಗೊತ್ತಿದ್ದೂ ವಾರವಾರ ಅಷ್ಟು ಕೂಗಾಡಿದೆಯಲ್ಲೇ! ಯಾಕೆ ಹೇಳಲಿಲ್ಲ?"

ಸೆವ್ಗುಲ್ ಕೈಚೀಲ ಕೆಳಗಿಟ್ಟು, ಅತ್ತೆಯ ಎದುರು ಕೂತು, ಮೇಜುಬಟ್ಟೆಯ ಅಂಚು ಮಡಚಿದಳು. "ಮನೇಲಿ ಅವರು ನನ್ನ ಜೊತೆ ಎಲ್ಲಿ ಮಾತಾಡ್ತಾರಮ್ಮ? ಬಂದು ಮಲಗ್ತಾರೆ. ಕಾರಲ್ಲಿ ಮಾತ್ರ... ಕಾರಲ್ಲಿ ಮದುವೆಗೆ ಮೊದಲು ಇದ್ದ ಹಾಗೆ ಇರ್ತಾರೆ. ನೀವು ಹಿಂದುಗಡೆ ತೂಕಡಿಸ್ತೀರಲ್ಲ, ಆಗ ನನ್ನ ಕೈ ಹಿಡ್ಕೋತಾರೆ."

"ನಾನು ತೂಕಡಿಸಲ್ಲ. ಕಣ್ಣು ಮುಚ್ಚಿಕೊಂಡಿರ್ತೀನಿ," ಎಂದಳು ನೆಜಾಹತ್. "ನೀವು ಕೈ ಹಿಡ್ಕೊಳ್ಳಲಿ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೂರು ವರ್ಷ ಒಂದೇ ಒಲೆಯ ಮುಂದೆ ಮೊಣಕೈ ತಾಗಿಸಿಕೊಂಡು ನಿಂತಿದ್ದ ಅತ್ತೆ ಸೊಸೆಗೆ ಅಂದು ಮೊದಲ ಸಲ ಒಬ್ಬರ ಮೇಲೊಬ್ಬರಿಗೆ ಎಷ್ಟು ಪ್ರೀತಿಯಿದೆಯೆಂದು ತಿಳಿಯಿತು. ಆಮೇಲೆ ನಗು ಬಂತು, ನಿಲ್ಲದಷ್ಟು ನಗು. ಸದ್ದು ಕೇಳಿ ಪೆಲಿನ್ ಮಹಡಿಯಿಂದ ಇಳಿದು ಬಂದಳು. ಬಟ್ಟಲುಗಳನ್ನು ನೋಡಿದವಳೇ ಮೇಲೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಮೂರನೆಯ ಬಟ್ಟಲು, ಅದರ ತುಂಬ ಸೂರ್ಯಕಾಂತಿ ಬೀಜದ ಸಿಪ್ಪೆ.

"ನೀನೂನಾ!" ಎಂದರು ಇಬ್ಬರೂ.

"ಸೈಕಲಲ್ಲಿ ಹೋಗ್ತೀನಿ. ನನ್ನನ್ನ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ," ಎಂದಳು ಪೆಲಿನ್. ಆಮೇಲೆ ಸಣ್ಣ ದನಿಯಲ್ಲಿ, "ಹೇಳಿದ್ರೆ ಸರೋವರದ ಹತ್ರ ಹೋಗೋದು ನಿಂತು ಹೋಗ್ತಿತ್ತಲ್ಲ ಅಜ್ಜಿ."

ತುಂಜಾಯ್ ಮನೆಯೊಳಗೆ ಬಂದಾಗ ಮೇಜಿನ ಮೇಲೆ ಮೂರು ಬಟ್ಟಲು ಸಾಲಾಗಿದ್ದವು, ಹಿಂದೆ ಮೂವರು ಹೆಂಗಸರು ಪೊಲೀಸರಂತೆ ಕೂತಿದ್ದರು. ಅವನು ಬಟ್ಟಲುಗಳನ್ನು ನೋಡಿ, ಸೊಂಟ ಹಿಡಿದುಕೊಂಡು ಹಾಗೆಯೇ ಹೊರಗೆ ನಡೆದ. ಕಾರಿನ ಡಿಕ್ಕಿ ತೆಗೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು. ಬಂದು ನಾಲ್ಕನೆಯದನ್ನು ಸಾಲಿನ ಕೊನೆಗೆ ಇಟ್ಟ.

"ಆ ಮಾತಾಡದ ಲಾರಿಯವನು ನೀನೇನೋ!" ಎಂದು ನೆಜಾಹತ್ ಹಣೆ ಚಚ್ಚಿಕೊಂಡಳು. "ಯಾವ ತಾಯಿ ಹೆತ್ತ ಮಗನೋ ಅಂತ ನಾನೇ ಮರುಗಿದ್ನಲ್ಲೋ! ಬೆನ್ನು ಮುರೀತಾ ಇದ್ರೂ ಬಾಯಿಬಿಡಲಿಲ್ಲವಲ್ಲ, ಯಾಕೋ?"

"ವಾರವೆಲ್ಲ ಲಾರೀಲಿ ಒಬ್ಬನೇ ಇರ್ತೀನಮ್ಮ," ಎಂದ ತುಂಜಾಯ್. "ಪಕ್ಕದ ಸೀಟು ಖಾಲಿ, ಹಿಂದುಗಡೆ ಬರೀ ಪೆಟ್ಟಿಗೆ. ಶನಿವಾರ ಮಾತ್ರ ಗಾಡಿ ತುಂಬಿರುತ್ತೆ."

ನೆಜಾಹತ್ ಎದ್ದು ಮಗನ ತಲೆಯನ್ನು ಹಿಡಿದು, ಕಿವಿಯ ಹಿಂದಿನ ಆ ಗಾಯದ ಗುರುತಿಗೆ ಮುತ್ತಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಮನೆಯ ಹಿರಿಯಳಂತೆ ಹೇಳಿದಳು: "ಆಯ್ತು. ಎಲ್ಲರ ಕಳ್ಳತನವೂ ಹೊರಗೆ ಬಂತು. ಇನ್ನು ಕ್ಲೀವ್‌ಲ್ಯಾಂಡ್ ಬೇಡ. ನಾಳೆ ನಾಲ್ಕು ಬಟ್ಟಲೂ ತುಂಬಿಸಿಕೊಂಡು ಹೋಗಿ ಮುರುವ್ವೆತ್‌ಗೆ ಕೊಟ್ಟು ಬರೋಣ. ಐದು ನಿಮಿಷದ ದಾರಿ. ನೀನು ಬಂದು ಮಲಗು, ಬೆನ್ನಿಗೆ ವಿಶ್ರಾಂತಿ ಸಿಗಲಿ." ದನಿ ಗಟ್ಟಿಯಾಗೇ ಇತ್ತು. ಒಳಗೆ ಮಾತ್ರ ಏನೋ ಕಳಚಿಬಿದ್ದಂತಾಯಿತು.

ಶನಿವಾರ ಬೆಳಗ್ಗೆ ನಾಲ್ಕು ಬಟ್ಟಲೂ ದ್ರಾಕ್ಷಿ ಎಲೆಯ ಸುರುಳಿಗಳಿಂದ ತುಂಬಿದವು. ನಡೆದೇ ಹೋಗೋಣ ಎಂದರೆ ತುಂಜಾಯ್‌ಗೆ ಸೊಂಟ. ಕಾರೇ ಆಗಲಿ ಎಂದರು. ಅವನು ಓಡಿಸುವ ಕಡೆಯ ಬಾಗಿಲಿಗೆ ಕೈ ಹಾಕುತ್ತಿದ್ದಂತೆ ಸೆವ್ಗುಲ್ ಅಡ್ಡ ನಿಂತಳು.

"ಕೀ ಕೊಡು."

"ನೀನಾ? ನಾನು ಪಕ್ಕದಲ್ಲಿ ಕೂರಬೇಕಾ?"

"ಪಕ್ಕದಲ್ಲಿ ಪೆಲಿನ್ ಕೂರ್ತಾಳೆ. ನೀನು ಹಿಂದೆ ಹೋಗು, ಅಮ್ಮನ ಹತ್ರ."

ತುಂಜಾಯ್ ಗೊಣಗಿಕೊಂಡು ಹಿಂದೆ ಹೋದ. ಬಟ್ಟಲುಗಳು ತೊಡೆಗಳ ಮೇಲೆ ಕೂತವು. ಬಡಾವಣೆಯ ತಿರುವು ಬಂತು. ಎಡಕ್ಕೆ ಕಾರು ತೊಳೆಯುವ ಜಾಗ, ಅದರಾಚೆ ಅಂಗಡಿ. ಸೆವ್ಗುಲ್ ಬಲಕ್ಕೆ ತಿರುಗಿಸಿದಳು.

"ಅಂಗಡಿ ಎಡಗಡೆ ಮಗಳೇ," ಎಂದಳು ನೆಜಾಹತ್.

"ಗೊತ್ತಮ್ಮ."

"ಮತ್ತೆ ಬಟ್ಟಲು?"

"ಸಂಜೆ ಬರ್ತಾ ಕೊಟ್ಟರಾಯ್ತು," ಎಂದಳು ಸೆವ್ಗುಲ್, ಕನ್ನಡಿಯಲ್ಲಿ ಅತ್ತೆಯ ಕಣ್ಣು ಹುಡುಕುತ್ತಾ. "ಮುರುವ್ವೆತ್ ಅಕ್ಕ ಎಲ್ಲೂ ಓಡಿಹೋಗಲ್ಲ. ಇನ್ನೂ ಹಲಗೇನೇ ಬಂದಿಲ್ಲ."

ಪೆಲಿನ್ ಹಾಡು ಹಾಕಿದಳು. ಹೆದ್ದಾರಿ ಸೇರುತ್ತಲೇ ತುಂಜಾಯ್ "ನಿಧಾನ", "ಲೇನ್ ಬದಲಾಯಿಸು", "ಅವನನ್ನ ಮುಂದೆ ಬಿಡು" ಎಂದು ಶುರು ಮಾಡಿದ. "ಹಿಂದೆ ಕೂತಿರೋ ಸಾಮಾನು ಮಾತಾಡಬಾರದು," ಎಂದಳು ಹೆಂಡತಿ. ಸ್ವಲ್ಪ ಹೊತ್ತಿಗೆ ಸಾಮಾನು ತಾಯಿಯ ಹೆಗಲಿಗೆ ತಲೆಯಿಟ್ಟು, ನೆಬ್ರಾಸ್ಕಾದ ಆಲಿಕಲ್ಲಿನ ಕತೆ ಹೇಳತೊಡಗಿತು.

ಕ್ಲೀವ್‌ಲ್ಯಾಂಡಿನ ತನಕ ಯಾರೂ ಹೋಗಲಿಲ್ಲ. ಸರೋವರದ ದಂಡೆ ಬರುತ್ತಲೇ ಸೆವ್ಗುಲ್ ಕಾರು ನಿಲ್ಲಿಸಿದಳು. ಅವಳು ಬೆಳಗ್ಗೆಯೇ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ ಬಟ್ಟೆ ಹಾಸಿದರು, ಫ್ಲಾಸ್ಕಿನ ಟೀ ಸುರಿದರು. ಎಂದಿನಂತೆ ಬಿಚ್ಚಲು ಅಂಗಡಿಯ ಪೊಟ್ಟಣ ಒಂದೂ ಇರಲಿಲ್ಲ. ಗಾಳಿಗೆ ಎಲ್ಲರಿಗೂ ಹಸಿವು ಬಹಳ.

"ಒಂದೇ ಒಂದು, ರುಚಿಗೆ," ಎಂದು ಪೆಲಿನ್ ಬಟ್ಟಲಿಗೆ ಕೈ ಹಾಕಿದಳು.

"ಕೈ ತೆಗಿ, ಅದು ಮುರುವ್ವೆತ್‌ದು," ಎಂದು ಗದರಿದ ತುಂಜಾಯ್ ತಾನೂ ಒಂದು ಎತ್ತಿಕೊಂಡ. ಆಮೇಲೆ ಸೆವ್ಗುಲ್. ಒಂದು ಬಟ್ಟಲು ಮುಗಿಯಿತು, ಇನ್ನೊಂದು ಮುಗಿಯಿತು, ಮೂರನೆಯದು ಯಾವಾಗ ಮುಗಿಯಿತೆಂದು ಯಾರೂ ನೋಡಲಿಲ್ಲ. ಕೊನೆಯ ಬಟ್ಟಲಿನಲ್ಲಿ ಒಂದು ಸುರುಳಿ ಉಳಿದಾಗ ಮೂವರೂ ಕೈ ಹಿಂದೆಗೆದರು.

"ಇನ್ನೇನು ಮಾಡೋದು ಅಜ್ಜಿ?" ಎಂದಳು ಪೆಲಿನ್, ತಪ್ಪು ಮಾಡಿದವಳ ಮುಖ ಮಾಡಿ. "ಖಾಲಿ ಬಟ್ಟಲು ಕೊಡೋ ಹಾಗಿಲ್ಲವಲ್ಲ."

ನೆಜಾಹತ್ ನೀರಿನ ಕಡೆ ನೋಡಿದಳು, ಮಗನ ಕಡೆ ನೋಡಿದಳು. ಉಳಿದ ಸುರುಳಿಯನ್ನು ಎತ್ತಿ ತನ್ನ ಬಾಯಿಗೇ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದಳು. ಬೆರಳಿನಿಂದ ಬಟ್ಟಲಿನ ಎಣ್ಣೆಯನ್ನೂ ಚೊಕ್ಕಟವಾಗಿ ಒರೆಸಿದಳು.

"ಕೊಡೋ ಹಾಗೆ ಎಲ್ಲಿದೆ? ಇನ್ನೊಂದು ಸಲ ಮಾಡಬೇಕು," ಎಂದಳು. "ಬರೋ ಶನಿವಾರ ನೋಡೋಣ."